ಅಜ್ಜನ ಕ್ಲಾರಿನೆಟ್ ಮಾರುವ ಮುನ್ನ

ಪೆಟ್ಟಿಗೆ ತೆರೆದ ಕೂಡಲೇ ಮುಗ್ಗಲು ವಾಸನೆ. ಮಾಸಿದ ಮಖಮಲ್ಲಿನ ಗುಳಿಗಳಲ್ಲಿ ಐದು ಕರಿ ತುಂಡುಗಳು: ಮೌತ್‌ಪೀಸ್, ಅದರ ಕೆಳಗಿನ ಗಿಡ್ಡ ಬ್ಯಾರೆಲ್, ಮೇಲಿನ ಕೊಳವೆ, ಕೆಳಗಿನ ಕೊಳವೆ, ತುದಿಯ ಅಗಲ ಬಾಯಿಯ ಬೆಲ್. ಹಿರಿಯರ ಕ್ಲಾರಿನೆಟ್ ಕೈಗೆ ಬಂದಾಗ ಒರೆಸಿ ಫಳಫಳ ಮಾಡೋಣ, ಒಂದು ಸಲ ಊದಿ ನೋಡೋಣ ಅನ್ನಿಸುತ್ತದೆ. ಎರಡೂ ಬೇಡ. ವರ್ಷಗಟ್ಟಲೆ ಒಣಗಿದ ಮರಕ್ಕೆ ಬಾಯಿಯ ಬಿಸಿ, ತೇವ ಒಮ್ಮೆಲೇ ತಗುಲಿದರೆ ಅದು ಸೀಳಬಹುದು. ಮೌತ್‌ಪೀಸ್ ಸಾಮಾನ್ಯವಾಗಿ ಎಬೊನೈಟ್, ಅಂದರೆ ಗಟ್ಟಿ ರಬ್ಬರ್. ಒಮ್ಮೆ ಅಂಥದ್ದೊಂದನ್ನು ನಾನು ಬಿಸಿನೀರಿಗೆ ಹಾಕಿ ಕೆಡಿಸಿದ್ದೇನೆ. ಕಪ್ಪಗಿದ್ದದ್ದು ಹಸಿರುಗಂದಾಯಿತು, ಗಂಧಕದ ವಾಸನೆ ಬೇರೆ.

ಮೊದಲು ಹೆಸರು ಹುಡುಕಿ. ಮೇಲಿನ ಕೊಳವೆ, ಬ್ಯಾರೆಲ್, ಬೆಲ್ ಮೇಲೆ ಒತ್ತಿದ ಮುದ್ರೆ ಇರುತ್ತದೆ. ಬಣ್ಣ ಅಳಿಸಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ಅಕ್ಷರದ ಗುಳಿಗಳಲ್ಲಿ ನೆರಳು ಬೀಳುತ್ತದೆ. ಸೀರಿಯಲ್ ನಂಬರ್ ಸಿಕ್ಕರೆ ಬರೆದಿಡಿ. ಎರಡು ಕೊಳವೆಗಳಲ್ಲೂ ನಂಬರ್ ಇದ್ದು ಅವು ಬೇರೆಬೇರೆಯಾಗಿದ್ದರೆ, ಎರಡು ವಾದ್ಯಗಳ ತುಂಡು ಸೇರಿಸಿರುವ ಸಾಧ್ಯತೆ ಜಾಸ್ತಿ. ಬಫೆ ಕ್ರಾಂಪೊನ್, ಸೆಲ್ಮರ್, ಲೆಬ್ಲಾಂಕ್ ಥರದ ದೊಡ್ಡ ತಯಾರಕರ ಹೆಸರಿದ್ದರೆ ನಂಬರಿನಿಂದ ತಯಾರಾದ ಕಾಲ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಸುಮ್ನೆ 'ಪ್ಯಾರಿಸ್' ಅಂತ ಕಂಡರೆ ಹಿಗ್ಗಬೇಡಿ. ಕಾರ್ಖಾನೆಯೊಂದು ಮಾಡಿದ್ದಕ್ಕೆ ಅಂಗಡಿಯವರು ತಮ್ಮ ಹೆಸರು ಒತ್ತಿಸುವುದು ಹಿಂದೆ ಮಾಮೂಲಾಗಿತ್ತು.

ಆಮೇಲೆ, ಅದು ಯಾವುದರಿಂದ ಮಾಡಿದ್ದು ಅಂತ ನೋಡಿ. ಬೆಲ್ ಒಳಗೆ ಮರದ ಎಳೆ ಕಂಡರೆ ಅದು ಬಹುಶಃ ಆಫ್ರಿಕಾದ ಕರಿಮರ, ಗ್ರೆನಡಿಲ್ಲಾ. ಎಳೆಯೇ ಇಲ್ಲದೆ ನುಣ್ಣಗಿದ್ದರೆ ಎಬೊನೈಟ್ ಅಥವಾ ಪ್ಲಾಸ್ಟಿಕ್.

ಈಗ ಬೆರಳಿನಿಂದ ಒತ್ತುವ ಲೋಹದ ಕೀ ಮತ್ತು ತೂತುಗಳ ಸುತ್ತಲಿನ ಉಂಗುರ ಎಣಿಸಿ. 17 ಕೀ, 6 ಉಂಗುರ ಇದ್ದರೆ ಅದು ಬೋಹ್ಮ್ ಎಂಬ ಕೀ ಜೋಡಣೆಯ ಪದ್ಧತಿ. 1839ರಲ್ಲಿ ವಾದಕ ಕ್ಲೋಜೆ ಮತ್ತು ವಾದ್ಯ ತಯಾರಕ ಬಫೆ ಜನರ ಮುಂದಿಟ್ಟ ಇದನ್ನೇ ಇಂದಿಗೂ ಹೆಚ್ಚಿನವರು ನುಡಿಸುವುದು. ಉಂಗುರ, ಕೀ ಕಡಿಮೆ ಇದ್ದರೆ ಆಲ್ಬರ್ಟ್ ಥರದ ಹಳೇ ಪದ್ಧತಿ ಇರಬಹುದು. ಕೊಳ್ಳುವವರು ಸಿಗುತ್ತಾರೆ, ಆದರೆ ಕಡಿಮೆ.

ಎಲ್ಲರೂ ಎಡವುವುದು ಶ್ರುತಿಯ ಹತ್ತಿರ. ಕೆಲವು ಹಳೇ ವಾದ್ಯಗಳ ಮೇಲೆ 'ಎಚ್‌ಪಿ' ಅಂತ ಇರುತ್ತದೆ, ಹೈ ಪಿಚ್. ಅಂದರೆ 'ಎ' ಸ್ವರ ಇಂದಿನ 440 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಕಂಪನ) ಬದಲು ಸುಮಾರು 452ರಿಂದ 457 ಬರುವ ಹಾಗೆ ಮಾಡಿದ್ದು. ಬ್ಯಾರೆಲ್ ಸ್ವಲ್ಪ ಹೊರಗೆಳೆದರೆ ಆಯ್ತಲ್ವಾ? ಆಗಲ್ಲ. ಕೊಳವೆ ಉದ್ದವಾಗುತ್ತದೆ, ತೂತುಗಳ ನಡುವಿನ ಅಂತರ ಅಷ್ಟೇ ಇರುತ್ತದೆ. ಒಂದು ಸ್ವರ ಸರಿಹೋದರೆ ಇನ್ನೊಂದು ಕೆಡುತ್ತದೆ. ಬೇರೆಯವರ ಜೊತೆ ನುಡಿಸಲಾಗದ ವಾದ್ಯಕ್ಕೆ ಬೆಲೆ ಹೇಗೆ ಬರಬೇಕು?

ಬಿರುಕನ್ನು ಮೇಲಿನ ಕೊಳವೆಯ ತೂತುಗಳ ಸುತ್ತ, ಬ್ಯಾರೆಲ್ ಮೇಲೆ ಹುಡುಕಿ. ಸಾಲಾಗಿ ಸಣ್ಣ ಚುಕ್ಕೆಗಳು ಕಂಡರೆ ಯಾರೋ ಪಿನ್ ಹಾಕಿ ಬಿಗಿದಿದ್ದಾರೆ. ಮುಚ್ಚಿಡಬೇಡಿ, ಅದರದ್ದೇ ಫೋಟೊ ಹಾಕಿ. ಕೀ ಅಡಿಯಲ್ಲಿ ತೂತು ಮುಚ್ಚುವ ಪ್ಯಾಡ್ ಹರಿದಿದ್ದರೆ, ತುಂಡುಗಳ ಜೋಡಣೆಯ ಕಾರ್ಕ್ ಉದುರುತ್ತಿದ್ದರೆ ಚಿಂತೆ ಬೇಡ, ಅವು ಬದಲಾಗುವಂಥವು.

ವಯಸ್ಸಾದಷ್ಟೂ ಬೆಲೆ ಏರಲು ಕ್ಲಾರಿನೆಟ್ಟು ಪಿಟೀಲಲ್ಲ. ಹಾಗಾಗಿ ರಿಪೇರಿಗೆ ಮೊದಲೇ ದುಡ್ಡು ಸುರಿಯಬೇಡಿ. ಊದುವ ವಾದ್ಯ ರಿಪೇರಿ ಮಾಡುವವರಿಗೆ ತೋರಿಸಿ ಎರಡು ಪ್ರಶ್ನೆ ಕೇಳಿ: ನುಡಿಸುವ ಹಾಗೆ ಮಾಡಲು ಎಷ್ಟಾಗುತ್ತದೆ, ಮಾಡಿದ ಮೇಲೆ ಎಷ್ಟಕ್ಕೆ ಹೋಗುತ್ತದೆ. ಲೆಕ್ಕ ಗಿಟ್ಟದಿದ್ದರೆ ಇದ್ದ ಹಾಗೇ ಮಾರಿ. ಮೌತ್‌ಪೀಸಿನ ಮೇಲಿನ ಹೆಸರನ್ನು ಬೇರೆಯಾಗಿ ವಿಚಾರಿಸಿ, ಕೆಲವೊಮ್ಮೆ ವಾದ್ಯಕ್ಕಿಂತ ಅದೇ ದುಬಾರಿ. ಅಂಗಡಿಗೆ ಕೊಟ್ಟರೆ ಕೆಲಸ ಬೇಗ, ದುಡ್ಡು ಕಡಿಮೆ. ನುಡಿಸುವವರಿಗೇ ಮಾರಿದರೆ ಜಾಸ್ತಿ ಸಿಗಬಹುದು, ತಾಳ್ಮೆ ಬೇಕು. ತೀರಾ ಹಳೆಯದರಲ್ಲಿ ತುಂಡುಗಳ ತುದಿಗೆ ಆನೆದಂತದ ಉಂಗುರಗಳಿದ್ದರೆ ಮಾರುವ ಮೊದಲು ಕಾನೂನು ವಿಚಾರಿಸಿಕೊಳ್ಳಿ.

ಕಳಿಸುವಾಗ ಐದೂ ತುಂಡು ಬಿಚ್ಚಿಯೇ ಇಡಿ. ಪೆಟ್ಟಿಗೆ ಮುಚ್ಚಿ, ಮೆಲ್ಲಗೆ ಅಲ್ಲಾಡಿಸಿ ಕೇಳಿ. ಒಳಗೆ ಲೊಟಲೊಟ ಅಂದರೆ ಮತ್ತೆ ತೆರೆದು ಇನ್ನೊಂದು ಬಟ್ಟೆ ಇಡಿ.