ಬೀಗ ಹಾಕಿದ ಮನೆಗಳು: ಕೆಜಿಎಫ್‌ನಲ್ಲಿ ನನ್ನ ಅನುಭವ

ಊರು ಬಿಟ್ಟು ಹೋದವರ ಮನೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇರುವುದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ. ಮಾಲೀಕರು ಬೆಂಗಳೂರಲ್ಲೋ ಚೆನ್ನೈಯಲ್ಲೋ ಇರುತ್ತಾರೆ, ಕೆಲವರು ವಿದೇಶದಲ್ಲಿ. ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ, ರಿಪೇರಿ ಖರ್ಚು ಬೇರೆ. ಪಕ್ಕದ ಮನೆಯವರು "ಸ್ವಲ್ಪ ನೋಡ್ಕೊಳ್ಳಿ" ಅಂತ ಬೀಗದ ಕೈ ಕೊಟ್ಟು ಹೋದರು. ಅಲ್ಲಿಂದ ಶುರುವಾಯಿತು. ಈಗ ನಮ್ಮನೆ ಗೋಡೆಯ ಹಲಗೆ ತುಂಬ ಬೀಗದ ಕೈಗಳು ನೇತಾಡುತ್ತಿವೆ. ಅಪ್ಪ-ಅಮ್ಮನ ಮನೆ ಖಾಲಿ ಬಿದ್ದಿರುವವರು ಬೇರೆ ಊರುಗಳಿಂದಲೂ ಫೋನ್ ಮಾಡಿ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರಿನ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ಕೆಲಸ ಶುರು ಮಾಡಿತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಗಣಿ ಮುಚ್ಚಿತು ಅಂತ ಮಾರನೇ ದಿನವೇ ಮನೆಗಳು ಖಾಲಿ ಆಗಲಿಲ್ಲ. ಮೊದಲು ಮನೆಯ ಗಂಡಸರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುತ್ತಿದ್ದರು. ಇವತ್ತಿಗೂ ಮಾರಿಕುಪ್ಪಂನಿಂದ ಹೊರಡುವ ರೈಲು ಅಂಥವರಿಂದಲೇ ತುಂಬಿರುತ್ತದೆ. ಆಮೇಲೆ ಮಕ್ಕಳು ಅಲ್ಲೇ ಬಾಡಿಗೆ ಮನೆ ಮಾಡಿದರು. ಮೊಮ್ಮಗು ಹುಟ್ಟಿತು, ಅಜ್ಜಿ ಹೊರಟರು. ಕೊನೆಗೆ ತಾತನೂ ಹೊರಟರು. ಮಂಚ, ಬೀರು, ದೇವರ ಫೋಟೋ ಎಲ್ಲ ಇಲ್ಲೇ ಉಳಿದವು. ಮನೆ ಬಿಟ್ಟೆವು ಅಂತ ಅವರಲ್ಲಿ ಯಾರೂ ಅಂದುಕೊಂಡಿಲ್ಲ. ಹಬ್ಬಕ್ಕೆ ಬರುತ್ತೀವಿ ಅಂತಲೇ ಹೋದರು. ಹಾಗಾಗಿ ನೋಡಿಕೊಳ್ಳಲು ಒಬ್ಬರನ್ನು ಇಡಬೇಕು ಅಂತ ವರ್ಷಗಟ್ಟಲೆ ತೋಚುವುದೇ ಇಲ್ಲ.

ಇಷ್ಟು ವರ್ಷ ಈ ಕೆಲಸ ಮಾಡಿ ನನಗೆ ಖಾತ್ರಿಯಾಗಿರುವುದು ಒಂದಿದೆ. ಖಾಲಿ ಮನೆ ಹಾಳಾಗುವುದು ಹಳೆಯದಾಗಿದೆ ಅಂತ ಅಲ್ಲ, ಬಾಗಿಲು ತೆಗೆದು ನೋಡುವವರಿಲ್ಲ ಅಂತ. ಜನ ಇರುವ ಮನೆಯಲ್ಲಿ ಸೋರಿಕೆ ಅದೇ ದಿನ ಕಣ್ಣಿಗೆ ಬೀಳುತ್ತದೆ, ಪಾತ್ರೆ ಇಡುತ್ತೀವಿ, ಗಾರೆಯವರನ್ನು ಕರೆಯುತ್ತೀವಿ. ಬೀಗ ಹಾಕಿದ ಮನೆಯಲ್ಲಿ ಅದೇ ಸೋರಿಕೆ ಎರಡು ಮಳೆಗಾಲ ಯಾರಿಗೂ ಕಾಣದೆ ನಡೆಯುತ್ತದೆ.

ಅದಕ್ಕೇ ವಾರಕ್ಕೊಮ್ಮೆ ಪ್ರತಿ ಮನೆಯನ್ನೂ ತೆಗೆಯುತ್ತೇನೆ. ವಾರ ಯಾಕೆ ಅಂದರೆ ಸೊಳ್ಳೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ, ಹತ್ತು ದಿನ ಸಾಕು. ಸಂಪು, ಸಿಂಟೆಕ್ಸ್, ಹಿತ್ತಲಲ್ಲಿ ಮಗುಚದೆ ಬಿಟ್ಟ ಹೂವಿನ ಕುಂಡ, ತಾರಸಿ ಮೇಲಿನ ಒಡೆದ ಬಕೆಟ್, ಇವೇ ಮೊದಲು ನೋಡಬೇಕಾದ ಜಾಗಗಳು. ಸಂಪು ಖಾಲಿ ಮಾಡಿ ಒಣಗಿಸಿ ಮುಚ್ಚಳದ ಸಂದಿಗೆ ಬಲೆ ಕಟ್ಟುತ್ತೇನೆ. ಖಾಲಿ ಮನೆಯ ಸೊಳ್ಳೆ ಕಚ್ಚುವುದು ಪಕ್ಕದ ಮನೆಯ ಮಗುವನ್ನು ಅಲ್ವಾ?

ಆಮೇಲೆ ಒಳಗೆ. ಕಿಟಕಿ ಬಾಗಿಲೆಲ್ಲ ತೆಗೆದು ಒಂದು ಗಂಟೆ ಗಾಳಿ ಆಡಿಸುತ್ತೇನೆ. ಬಚ್ಚಲ ಜಾಲಿಗೂ ಕಮೋಡಿಗೂ ಒಂದು ಚೊಂಬು ನೀರು ಹಾಕುತ್ತೇನೆ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಜಾಲಿಯ ಕೆಳಗೆ ಬಾಗಿದ ಪೈಪಿನಲ್ಲಿ ನಿಂತಿರುವ ನೀರೇ ಚರಂಡಿಯ ವಾಸನೆ, ಜಿರಲೆ ಮೇಲೆ ಬಾರದ ಹಾಗೆ ತಡೆಯುವುದು. ಬೇಸಿಗೆಯಲ್ಲಿ ಅದು ಬೇಗ ಒಣಗುತ್ತದೆ. ಹೋಗಲಾಗದ ವಾರ ಬರುತ್ತದೆ ಅಂತ ಗೊತ್ತಿದ್ದರೆ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ಬೇಗ ಆರುವುದಿಲ್ಲ.

ಬೀರು, ಮಂಚಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡುತ್ತೇನೆ. ರಟ್ಟಿನ ಪೆಟ್ಟಿಗೆ, ಹಳೇ ಪೇಪರ್ ನೆಲದ ಮೇಲೆ ಇಡಲು ಬಿಡುವುದೇ ಇಲ್ಲ. ಗೆದ್ದಲಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಬಾಗಿಲ ಚೌಕಟ್ಟಿನ ಬುಡದಲ್ಲಿ ಮಣ್ಣಿನ ಗೆರೆ ಕಂಡರೆ ಕೆರೆದು ಸುಮ್ಮನಾಗಬೇಡಿ. ಹುಳ ಒಳಗೇ ಇರುತ್ತದೆ. ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನೆಲ ಗೋಡೆ ಸೇರುವ ಕಡೆ ಔಷಧಿ ಇಳಿಸಬೇಕು, ಅದಕ್ಕಿಂತ ಮೊದಲು ಆ ಗೋಡೆಗೆ ತೇವ ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು.

ಇನ್ನು ತಾರಸಿ. ನಾನು ಹೆಚ್ಚು ಹೊತ್ತು ಕಳೆಯುವುದು ಅಲ್ಲೇ. ನಮ್ಮ ಕಡೆ ಮಳೆ ಜೋರಾಗುವುದು ಆಗಸ್ಟ್ ನಂತರ. ಅಕ್ಟೋಬರ್, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದಾಗಲೆಲ್ಲ ನಮಗೂ ಜಡಿಮಳೆ. 2021ರ ನವೆಂಬರಿನಲ್ಲಿ ಕೋಲಾರ ಜಿಲ್ಲೆಗೆ ಮಳೆ ಹೇಗೆ ಹೊಡೆಯಿತು ಅಂತ ಇಲ್ಲಿಯವರು ಯಾರೂ ಮರೆತಿಲ್ಲ. ಆ ಮಳೆ ಆದಮೇಲೆ ಒಂದು ಮನೆ ನನ್ನ ಕೈಗೆ ಬಂತು. ಹಳೆಯ ಮದ್ರಾಸ್ ತಾರಸಿ, ಅಂದರೆ ತೇಗದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ್ದು. ಬೀದಿಯಿಂದ ನೋಡಿದರೆ ಮನೆ ಚೆನ್ನಾಗೇ ಇತ್ತು. ಮೇಲೆ ಹತ್ತಿದರೆ ನೀರು ಹೋಗುವ ಪೈಪಿನ ಬಾಯಿಗೆ ಬೇವಿನ ಎಲೆ, ಒಂದು ಪ್ಲಾಸ್ಟಿಕ್ ಕವರ್, ಅದರ ಮೇಲೆ ಪಾರಿವಾಳದ ಗೂಡು. ತಾರಸಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಕೆಳಗೆ ನಡುಮನೆಯಲ್ಲಿ ಗೋಡೆಯೊಳಗೆ ಹೋಗಿ ಕೂತಿದ್ದ ಒಂದು ಜಂತೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಅರ್ಧ ಒಳಗೆ ಹೋಯಿತು, ಮರ ಒದ್ದೆ ಹಿಟ್ಟಾಗಿತ್ತು. ಉಳಿದ ಜಂತೆಗಳೆಲ್ಲ ಗಟ್ಟಿ.

ಅವತ್ತೇ ಆ ಜಂತೆಗೆ ಕೆಳಗಿನಿಂದ ಕಬ್ಬಿಣದ ಜಾಕಿ ಕೊಟ್ಟು ನಿಲ್ಲಿಸಿದೆವು. ತಾರಸಿ ಒಣಗಿದ ಮೇಲೆ ಕೊಳೆತ ತುದಿ ಕತ್ತರಿಸಿ ಎರಡೂ ಪಕ್ಕಕ್ಕೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಹಾಕಿಸಿದೆ. ಮೇಲಿನ ಬಿರುಕುಗಳಿಗೆ ಸಿಮೆಂಟ್ ಹಾಕಿಬಿಡೋಣ ಅಂತ ಮೇಸ್ತ್ರಿ ಅಂದರು. ನಾನು ಒಪ್ಪಲಿಲ್ಲ. ಸುಣ್ಣದ ಗಾರೆ ಬಿಸಿಲಿಗೆ ಸ್ವಲ್ಪ ಹಿಗ್ಗುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಹಾಕಿದರೆ ಅದು ಬೇರೆಯಾಗೇ ಬಿರಿದು ನಿಲ್ಲುತ್ತದೆ, ಸಂದಿಯಲ್ಲಿ ನೀರು ಕೂರುತ್ತದೆ. ಬಂಗಾರಪೇಟೆ ಕಡೆಯ ಒಬ್ಬ ಹಿರಿಯ ಗಾರೆಯವರು ಇನ್ನೂ ಹಳೇ ಪದ್ಧತಿಯಲ್ಲಿ ಮಾಡುತ್ತಾರೆ. ಅಳಲೆಕಾಯಿ ಜಜ್ಜಿ ಬೆಲ್ಲದ ಜೊತೆ ನೆನೆಸಿ, ಆ ನೀರಲ್ಲಿ ಸುಣ್ಣ, ಮರಳು ಕಲಸಿ, ಬಿರುಕಿಗೆ ತುಂಬಿ ಮರದ ಕೈಮಣೆಯಲ್ಲಿ ತಟ್ಟುತ್ತಾ ಕೂರುತ್ತಾರೆ. ಕೂಲಿ ಜಾಸ್ತಿ, ದಿನವೂ ಜಾಸ್ತಿ. ಆದರೆ ಆ ತಾರಸಿ ಆಮೇಲೆ ಸೋರಿಲ್ಲ.

ಗೋಡೆಯಲ್ಲಿ ಹುಟ್ಟುವ ಅರಳಿ ಸಸಿಯನ್ನು ಬೆರಳುದ್ದ ಇದ್ದಾಗಲೇ ಕೀಳಬೇಕು, ಅದೂ ಮಳೆ ಬಂದ ಮಾರನೇ ದಿನ. ಬೇರು ಸಮೇತ ಬರುತ್ತದೆ. ಬಲಿತಿದ್ದರೆ ಕತ್ತರಿಸಿ ಪ್ರಯೋಜನವಿಲ್ಲ, ಇನ್ನೂ ದಟ್ಟವಾಗಿ ಚಿಗುರುತ್ತದೆ. ಒಂದೆರಡು ಇಟ್ಟಿಗೆ ಬಿಚ್ಚಿ ಬೇರು ತೆಗೆದು ಮತ್ತೆ ಕಟ್ಟಿಸಿ. ಅರಳಿ ಅಂತ ಭಯ ಭಕ್ತಿ ಇರುವವರ ಮನೆಯಲ್ಲಿ ಸಸಿಯನ್ನು ಜೋಪಾನವಾಗಿ ತೆಗೆದು ಕುಂಡದಲ್ಲಿಟ್ಟು ಬೇರೆ ಕಡೆ ನೆಡುತ್ತೇನೆ. ಹಿತ್ತಲಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಕೀಳಿಸುತ್ತೇನೆ.

ನಮ್ಮೂರಿಗೇ ಇರುವ ಇನ್ನೊಂದು ಕಾಟ ಸೈನೈಡ್ ದಿಬ್ಬದ ಧೂಳು. ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಆ ಗುಡ್ಡಗಳಿಂದ ಆಷಾಢದ ಗಾಳಿಗೆ ಹಿಟ್ಟಿನಂಥ ಧೂಳು ಏಳುತ್ತದೆ, ಮುಚ್ಚಿದ ಕಿಟಕಿಯ ಸಂದಿಯಲ್ಲೂ ನುಗ್ಗುತ್ತದೆ. ಗುಡಿಸುವವರಿಗೆ ಮಾಸ್ಕ್ ಕೊಡುತ್ತೇನೆ, ಒಣ ಪೊರಕೆ ಹಿಡಿಯಲು ಬಿಡುವುದಿಲ್ಲ. ಒದ್ದೆ ಬಟ್ಟೆಯಲ್ಲೇ ಒರೆಸಬೇಕು.

ಕಳ್ಳತನದ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ. ಹೊರಗೆ ನೇತಾಡುವ ದೊಡ್ಡ ಬೀಗ ಮನೆ ಖಾಲಿ ಅಂತ ಸಾರಿ ಹೇಳುತ್ತದೆ. ಬಾಗಿಲೊಳಗೇ ಕೂರುವ ಬೀಗ ಹಾಕಿಸಿ. ಹಿತ್ತಾಳೆ ನಲ್ಲಿ ತೆಗೆದು ಪ್ಲಾಸ್ಟಿಕ್ ಹಾಕಿ. ಸಂಪಿನ ಮೋಟಾರು ಬಿಚ್ಚಿ ಒಳಗಿಡಿ. ಗೇಟಿಗೆ ಸಿಕ್ಕಿಸಿದ ಜಾಹೀರಾತು ಚೀಟಿಗಳನ್ನು ಉಳಿಯಲು ಬಿಡಬೇಡಿ. ಕರೆಂಟ್ ಕನೆಕ್ಷನ್ ತೆಗೆಸಬೇಡಿ. ಮೇನ್ ಆಫ್ ಮಾಡಿಟ್ಟರೂ ತಿಂಗಳ ನಿಗದಿತ ಶುಲ್ಕ ಕಟ್ಟುತ್ತಿರಿ.

ಇದೆಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ರಂಗೋಲಿ. ಪ್ರತಿ ಬೀದಿಯಲ್ಲೂ ಬೆಳಗ್ಗೆ ಬೇಗ ಎದ್ದು ಬಾಗಿಲಿಗೆ ನೀರು ಹಾಕುವ ಒಬ್ಬ ಅಕ್ಕ ಇದ್ದೇ ಇರುತ್ತಾರೆ. ಅವರಿಗೆ ತಿಂಗಳಿಗೆ ಸ್ವಲ್ಪ ದುಡ್ಡು ಕೊಟ್ಟು ಖಾಲಿ ಮನೆಯ ಮುಂದೂ ಗುಡಿಸಿ ರಂಗೋಲಿ ಹಾಕಿಸುತ್ತೇನೆ. ಬೀದಿಯಲ್ಲಿ ಹೋಗುವವರಿಗೆ ಆ ಮನೆಗೆ ಯಾರೋ ಇದ್ದಾರೆ ಅಂತ ಕಾಣುತ್ತದೆ, ಕಸ ತಂದು ಸುರಿಯುವವರ ಕೈ ತಡೆಯುತ್ತದೆ. ಆ ಅಕ್ಕನಿಗೂ ಆ ಮನೆ ತನ್ನ ಜವಾಬ್ದಾರಿ ಅನ್ನಿಸುತ್ತದೆ. "ಅಣ್ಣಾ, ರಾತ್ರಿ ಹಿತ್ತಲಲ್ಲಿ ಏನೋ ಸದ್ದಾಯ್ತು, ಬಂದು ನೋಡಿ" ಅಂತ ಮೊದಲ ಫೋನ್ ಬರುವುದು ಅವರಿಂದಲೇ. ಯಾವ ಕ್ಯಾಮೆರಾವೂ ನನಗೆ ಇಷ್ಟು ಬೇಗ ಹೇಳಿಲ್ಲ.

ಕಾಗದ ಪತ್ರದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿಸುತ್ತೇನೆ, ಶೇಕಡಾ 5 ರಿಯಾಯಿತಿ ಸಿಗುತ್ತದೆ, ರಸೀದಿ ಮಾಲೀಕರ ಹೆಸರಲ್ಲೇ ಇರುತ್ತದೆ. ವರ್ಷಕ್ಕೊಮ್ಮೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಲು ಹೇಳುತ್ತೇನೆ. ಗೊತ್ತಿಲ್ಲದೆ ಏನಾದರೂ ನೋಂದಣಿ ಆಗಿದ್ದರೆ ಅದರಲ್ಲಿ ಬರುತ್ತದೆ. ಬೇರೆಯವರು 12 ವರ್ಷ ಎಲ್ಲರ ಕಣ್ಣೆದುರೇ, ಮಾಲೀಕರ ಹಕ್ಕು ಒಪ್ಪದೆ ಜಾಗ ಅನುಭವಿಸಿದರೆ ಮಾಲೀಕರ ಕೈ ಕಟ್ಟಿಹೋಗುತ್ತದೆ. 1963ರ ಕಾಲಮಿತಿ ಕಾಯ್ದೆ ಹೇಳುವುದು ಅದನ್ನೇ. ನೋಡಿಕೊಳ್ಳಲು ಇಟ್ಟವರು ಎಷ್ಟು ವರ್ಷ ಇದ್ದರೂ ಮಾಲೀಕರಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ಕೋರ್ಟಿನವರೆಗೆ ಯಾಕೆ ಹೋಗಬೇಕು? ಬೀಗದ ಕೈ ತೆಗೆದುಕೊಳ್ಳುವ ದಿನವೇ ನಾನು ಬರೆದು ಸಹಿ ಹಾಕಿ ಕೊಡುತ್ತೇನೆ: ಇದು ನೋಡಿಕೊಳ್ಳುವ ಕೆಲಸ ಮಾತ್ರ, ಕೇಳಿದ ದಿನ ವಾಪಸ್. ಹಾಗೆ ಬರೆದುಕೊಡಲು ಒಪ್ಪದವರಿಗೆ ನಿಮ್ಮ ಮನೆ ಒಪ್ಪಿಸಬೇಡಿ, ಎಷ್ಟೇ ಹತ್ತಿರದ ನೆಂಟರಾಗಿರಲಿ.

ಗಣಿ ಪ್ರದೇಶದಲ್ಲಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಗಳಿಗೆ ಮಾತ್ರ ನಾನು ಕೈ ಹಾಕಲ್ಲ. ಅವನ್ನು ಕಟ್ಟಿಸಿದ್ದು ಗಣಿ ಕಂಪನಿ. ಹಕ್ಕಿನ ವಿಷಯವೇ ಬೇರೆ. ಆದರೆ ಅಲ್ಲಿಯವರು ಕೇಳಿದರೆ ಹೋಗಿ ನೋಡಿ ಹೇಳುತ್ತೇನೆ. ಎರಡು ಮನೆಗೆ ಒಂದೇ ಗೋಡೆ ಇರುವ ಕಡೆ ಖಾಲಿ ಮನೆಯ ತಗಡು ಹಾರಿಹೋದರೆ ಪಕ್ಕದ ಮನೆಯ ಗೋಡೆ ನೆನೆಯುತ್ತದೆ. ಆ ಗೋಡೆಯ ನೆತ್ತಿಯ ಮೇಲೆ ಒಂದು ತಗಡನ್ನು ಎರಡೂ ಪಕ್ಕಕ್ಕೆ ಬಾಗಿಸಿ ಕೂರಿಸಿ, ಹಾರದ ಹಾಗೆ ಕಲ್ಲು ಹೇರಿದರೂ ಒಂದು ಮಳೆಗಾಲ ತಡೆಯುತ್ತದೆ. ಅಪ್ಪ, ತಾತ ಭೂಮಿಯೊಳಗೆ ದುಡಿದು ಬೆಳೆಸಿದ ಮನೆತನಗಳು ಅಲ್ಲಿ ಇನ್ನೂ ಇವೆ. ಅವರ ಗೋಡೆ ಬೀಳಬಾರದು.

ನನ್ನನ್ನು ಕೇಳಿದರೆ ಬಾಡಿಗೆ ಕಡಿಮೆಯಾದರೂ ಸಂಸಾರವೊಂದನ್ನು ಮನೆಯಲ್ಲಿ ಇಡುವುದೇ ಸರಿ. "ಅಂಕಲ್, ಕೊಟ್ಟರೆ ಅವರು ಬಿಡೋದಿಲ್ಲ, ಖಾಲಿನೇ ಇರಲಿ" ಅಂತ ಮಕ್ಕಳು ಫೋನಿನಲ್ಲಿ ಹೇಳುತ್ತಾರೆ. ಹನ್ನೊಂದು ತಿಂಗಳ ಕರಾರು ಮಾಡಿ, ಬಾಡಿಗೆ ಬ್ಯಾಂಕಿಗೆ ಹಾಕಿಸಿಕೊಳ್ಳಿ, ಒಂದು ಕೋಣೆಯಲ್ಲಿ ನಿಮ್ಮ ಸಾಮಾನಿಟ್ಟು ಬೀಗ ಹಾಕಿಕೊಳ್ಳಿ ಅನ್ನುತ್ತೇನೆ. ಕೆಲವರು ಒಪ್ಪಿದ್ದಾರೆ. ಆ ಮನೆಗಳ ಬೀಗದ ಕೈ ನನ್ನ ಹಲಗೆಯಿಂದ ಹೋಗಿದೆ. ನನ್ನ ಆದಾಯ ಅಷ್ಟರ ಮಟ್ಟಿಗೆ ಕಡಿಮೆ ಆಯಿತು, ಬೇಜಾರಿಲ್ಲ. ಒಪ್ಪದವರು ಕನಿಷ್ಠ ಮೇ ತಿಂಗಳಲ್ಲೇ ತಾರಸಿ ನೋಡಿಸಿಬಿಡಿ. ಮಳೆ ಹಿಡಿದ ಮೇಲೆ ಒಳ್ಳೆಯ ಗಾರೆಯವರು ಯಾರಿಗೂ ಸಿಗುವುದಿಲ್ಲ.