ಗುರುವಾರ ಸಂಜೆ, ಕಾಲಾ ಘೋಡಾದಿಂದ ಕೊಲಾಬಾದವರೆಗೆ

ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಮುಂಬಯಿಯ ಫೋರ್ಟ್‌ನಲ್ಲಿ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ, ಮನೆ ಡೊಂಬಿವಲಿ. ಆರು ಗಂಟೆಗೆ ಆಫೀಸು ಬಿಟ್ಟು ನೇರ ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ನಿಗೆ ಹೋದರೆ ಲೋಕಲ್‌ನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ರಶ್ ಇಳಿಯುವ ತನಕ ಎಲ್ಲಾದರೂ ಹೊತ್ತು ಕಳೆಯಬೇಕು, ಅದೂ ದುಡ್ಡು ಖರ್ಚಿಲ್ಲದೆ, ಎಸಿ ಇದ್ದರೆ ಇನ್ನೂ ಒಳ್ಳೆಯದು. ನಾನು ಆರ್ಟ್ ಗ್ಯಾಲರಿಗೆ ಹೋಗಲು ಶುರು ಮಾಡಿದ್ದು ಹೀಗೆ. ಕಲೆಯ ಹುಚ್ಚು ಆಮೇಲೆ ಹಿಡಿಯಿತು.

ಮೊದಲೆಲ್ಲ ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ ಒಂದೇ ಗೊತ್ತಿದ್ದದ್ದು. ಬಾಗಿಲು ರಸ್ತೆಗೇ ತೆರೆದಿದೆ, ಟಿಕೆಟ್ ಇಲ್ಲ, ಯಾರೂ ತಡೆಯುವುದಿಲ್ಲ. 1952ರಲ್ಲಿ ಶುರುವಾದ ಈ ಗ್ಯಾಲರಿ ಆಗಲೇಬೇಕು ಎಂದು ಸರ್ ಕಾವಸ್‌ಜಿ ಜಹಾಂಗೀರ್ ಅವರ ಬೆನ್ನು ಬಿದ್ದವರಲ್ಲಿ ಹೋಮಿ ಭಾಭಾ ಒಬ್ಬರಾದರೆ ಇನ್ನೊಬ್ಬರು ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಚಿತ್ರಕಾರ ಕೆ. ಕೆ. ಹೆಬ್ಬಾರ್. ಇದು ತಿಳಿದ ಮೇಲೆ ಅಲ್ಲಿ ಸ್ವಲ್ಪ ಜಾಸ್ತಿ ಧೈರ್ಯದಿಂದ ಓಡಾಡುತ್ತೇನೆ, ಸುಳ್ಳು ಯಾಕೆ ಹೇಳಲಿ.

ಖಾಸಗಿ ಗ್ಯಾಲರಿಗಳ ಕಥೆ ಬೇರೆ. ಅವು ಹಳೇ ಕಟ್ಟಡಗಳ ಒಳಗೆ, ಮಹಡಿ ಮೇಲೆ, ಸಣ್ಣ ಬೋರ್ಡ್ ಹಾಕಿಕೊಂಡು ಕೂತಿರುತ್ತವೆ. ಕೆಮೊಲ್ಡ್ ಇರುವುದು ಫೋರ್ಟ್‌ನ ಕ್ವೀನ್ಸ್ ಮ್ಯಾನ್ಶನ್‌ನ ಮೂರನೇ ಮಹಡಿಯಲ್ಲಿ. 1963ರಲ್ಲಿ ಜಹಾಂಗೀರ್‌ನ ಮೇಲ್ಗಡೆಯೇ ಶುರುವಾಗಿ 2007ರಲ್ಲಿ ಇಲ್ಲಿಗೆ ಬಂದದ್ದು. ನನ್ನ ಆಫೀಸಿನಿಂದ ಹತ್ತು ನಿಮಿಷವೂ ಇಲ್ಲ, ಆದರೂ ಆ ಮೆಟ್ಟಿಲು ಹತ್ತಲು ನನಗೆ ಮೂರು ವರ್ಷ ಬೇಕಾಯಿತು. ಕರೆಯೋಲೆ ಇಲ್ಲದೆ ಹೋಗುವುದು ಹೇಗೆ, ಮದುವೆ ಮನೆಗೆ ಕರೆಯದೆ ಹೋದ ಹಾಗಲ್ವಾ ಅಂತ. ಹೋದ ಮೇಲೆ ಗೊತ್ತಾಯಿತು, ಯಾರೂ ಏನೂ ಕೇಳುವುದಿಲ್ಲ. ಮೇಜಿನ ಮೇಲೆ ಒಂದು ಪುಸ್ತಕ ಇರುತ್ತದೆ. ಹೆಸರು, ಇಮೇಲ್ ಬರೆದು ಬಂದರೆ ಆಯಿತು, ಮುಂದಿನ ಸಲದಿಂದ ಅವರೇ ಕರೆಯುತ್ತಾರೆ.

ದಕ್ಷಿಣ ಮುಂಬಯಿಯಲ್ಲಿ ಹೊಸ ಪ್ರದರ್ಶನಗಳು ಹೆಚ್ಚಾಗಿ ಗುರುವಾರ ಸಂಜೆ ಶುರುವಾಗುತ್ತವೆ. ಮೂರ್ನಾಲ್ಕು ಒಂದೇ ದಿನ ಬಿದ್ದರೆ ಹಬ್ಬ. ಎಲ್ಲವನ್ನೂ ನಡೆದುಕೊಂಡೇ ಮುಗಿಸಬಹುದು.

ಹೋದ ಮಳೆಗಾಲದ ಅಂಥ ಒಂದು ಗುರುವಾರದ ಬಗ್ಗೆ ಹೇಳುತ್ತೇನೆ.

ಜಹಾಂಗೀರ್ ಏಳಕ್ಕೆ ಬಾಗಿಲು ಹಾಕುತ್ತದೆ, ಆದ್ದರಿಂದ ಮೊದಲು ಅದು. ಅಲ್ಲಿ ಕಲಾವಿದರು ಬಾಡಿಗೆ ಕೊಟ್ಟು ಹಾಲ್ ಹಿಡಿಯುತ್ತಾರೆ, ಸಿಗುವುದು ಒಂದು ವಾರ. ಹಾಗಾಗಿ ಅವರು ತಮ್ಮ ಚಿತ್ರಗಳ ಪಕ್ಕದಲ್ಲೇ ನಿಂತಿರುತ್ತಾರೆ. ಚಿತ್ರ ನೋಡುವ ನಮ್ಮ ಮುಖವನ್ನು ಅವರು ನೋಡುತ್ತಿರುತ್ತಾರೆ. ಇದರಲ್ಲಿ ನನಗಿರುವ ಒಂದೇ ಉಪಾಯ, ‘ಚೆನ್ನಾಗಿದೆ’ ಅನ್ನದೆ ಏನಾದರೂ ಕೇಳಿಬಿಡುವುದು. ‘ಈ ಕೆಂಪು ಮೊದಲು ಹಾಕಿದ್ದಾ, ಕೊನೆಗಾ?’ ಅಂತ. ಆವತ್ತು ನಾಗಪುರದಿಂದ ಬಂದಿದ್ದ ಒಬ್ಬರು ಈ ಒಂದು ಪ್ರಶ್ನೆಗೆ ಕಾಲು ಗಂಟೆ ಉತ್ತರ ಹೇಳಿದರು, ಕೆಳಗೆ ಮೂರು ಬಣ್ಣ ಹಾಕಿ ಕೆರೆದು ತೆಗೆದದ್ದನ್ನೆಲ್ಲ ಬೆರಳಿಟ್ಟು ತೋರಿಸಿದರು. ಹಿಂದೆ ಈ ಕಟ್ಟಡದಲ್ಲಿ ಸಮೋವರ್ ಅಂತ ಒಂದು ಕೆಫೆ ಇತ್ತು, 2015ರಲ್ಲಿ ಮುಚ್ಚಿತು. ಈಗ ಚಹಾ ಬೇಕಿದ್ದರೆ ಹೊರಗೆ ಫುಟ್‌ಪಾತೇ ಗತಿ.

ಅಲ್ಲಿಂದ ರೀಗಲ್ ಸಿನಿಮಾ ದಾಟಿ ಕೊಲಾಬಾ ಕಡೆ. ಉದ್ಘಾಟನೆಯ ದಿನ ಗ್ಯಾಲರಿಯಲ್ಲಿ ಕಾಣುವುದು ಬರೀ ಬೆನ್ನುಗಳು. ಎಲ್ಲರೂ ಚಿತ್ರಕ್ಕೆ ಬೆನ್ನು ಹಾಕಿ ಮಾತಾಡುತ್ತಿರುತ್ತಾರೆ. ಜನ ಬಾಗಿಲ ಬಳಿಯ ಚಿತ್ರದಿಂದ ಶುರು ಮಾಡಿ ಒಂದೇ ಸುತ್ತು ತಿರುಗುತ್ತಾರೆ, ನಾನು ಕೊನೆಯ ಕೋಣೆಯಿಂದ ಹಿಂದಕ್ಕೆ ಬರುತ್ತೇನೆ. ಎಲ್ಲವನ್ನೂ ನೋಡಲು ಹೋಗುವುದಿಲ್ಲ, ಒಂದೋ ಎರಡೋ ಸಾಕು. ಉಳಿದದ್ದಕ್ಕೆ ಇನ್ನೊಂದು ಶನಿವಾರ ಇದ್ದೇ ಇದೆ, ಇಂಥ ಪ್ರದರ್ಶನ ತಿಂಗಳಾದರೂ ಇರುತ್ತದೆ. ಆಗ ಇಡೀ ಹಾಲ್‌ನಲ್ಲಿ ನಾವೊಬ್ಬರೇ.

ಇನ್ನೊಂದು, ಬೆಲೆಪಟ್ಟಿ ಕೇಳಿ. ಕೊಳ್ಳುವ ತಾಕತ್ತು ಇಲ್ಲದವನು ರೇಟು ಕೇಳಿದರೆ ನಗುತ್ತಾರೇನೋ ಎಂದು ನಾನು ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಚಿತ್ರದ ಹೆಸರು, ಯಾವ ಬಣ್ಣ, ಎಷ್ಟು ಅಳತೆ, ಎಲ್ಲ ಆ ಹಾಳೆಯಲ್ಲಿಯೇ ಇರುತ್ತದೆ. ಫೋಟೋ, ಪ್ರಿಂಟ್‌ಗಳಾದರೆ 3/5 ಅಂತ ಬರೆದಿರುತ್ತಾರೆ, ಐದು ಪ್ರತಿಗಳಲ್ಲಿ ಇದು ಮೂರನೆಯದು ಅಂತ ಅರ್ಥ. ಕೆಂಪು ಚುಕ್ಕೆ ಇದ್ದರೆ ಮಾರಾಟವಾಗಿದೆ. ಮೊದಮೊದಲು ನಾನು ಅದನ್ನು ಬಹುಮಾನ ಬಂದ ಚಿತ್ರ ಅಂದುಕೊಂಡಿದ್ದೆ.

ಆವತ್ತಿನ ಮೂರನೇ ಗ್ಯಾಲರಿಯ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಒಳಗೆ ಉಸಿರಾಡಲು ಜಾಗವಿಲ್ಲ. ಮೂಲೆಗೆ ಹೋಗಿ ಗೋಡೆಗೆ ಒರಗಿ ಮನೆಗೆ ಫೋನ್ ಮಾಡಿ ‘ಊಟಕ್ಕೆ ಕಾಯಬೇಡ’ ಎಂದೆ. ಫೋನ್ ಇಟ್ಟಿದ್ದೇ ತಡ, ವೈನ್ ಟ್ರೇ ಹಿಡಿದಿದ್ದ ಹುಡುಗ ಹತ್ತಿರ ಬಂದು ಮೆಲ್ಲಗೆ, ‘ಊರಲ್ಲಿ ಎಲ್ಲಾಯ್ತ್ ನಿಮ್ಗೆ?’ ಅಂದ. ಉಡುಪಿ ಹತ್ತಿರ ಎಂದೆ. ಅವನು ಬೈಂದೂರಿನವನು, ಕೇಟರಿಂಗ್‌ನವರ ಜೊತೆ ನಾಲ್ಕು ಗಂಟೆಗೇ ಬಂದು ಗ್ಲಾಸ್ ಜೋಡಿಸಿಟ್ಟು, ಖಾಲಿ ಹಾಲ್‌ನಲ್ಲಿ ಎಲ್ಲ ಚಿತ್ರಗಳನ್ನು ನೋಡಿ ಮುಗಿಸಿದ್ದ. ‘ಒಳ್ಗಿನ್ ರೂಮಲ್ಲ್ ಒಂದ್ ಸಣ್ದ್ ಇತ್ತ್, ಅದ್ ಕಾಣಿ ಮಾರಾಯ್ರೆ. ಯಾರೂ ಅಲ್ಲಿಗೆ ಹೋಪುದಿಲ್ಲ.’

ಹೋಗಿ ನೋಡಿದೆ. ಅಂಗೈಯಗಲದ ಕಾಗದ, ಪೆನ್ಸಿಲ್ ಕೆಲಸ. ಹಗ್ಗದ ಮೇಲೆ ಒದ್ದೆ ಸೀರೆ, ಅಂಚಿನಿಂದ ಮೂರು ಹನಿ ಇಳಿಯುತ್ತಿವೆ. ಹತ್ತಿರ ಹೋದರೆ ಹನಿಗಳನ್ನು ಬರೆದೇ ಇಲ್ಲ! ಸುತ್ತ ನೆರಳು ಕೊಟ್ಟು ಅಷ್ಟು ಜಾಗವನ್ನು ಸುಮ್ನೆ ಬಿಟ್ಟಿದ್ದಾರೆ, ಬರೀ ಕಾಗದದ ಬಿಳಿ. ಹತ್ತು ನಿಮಿಷ ಅದರ ಮುಂದೆ ನಿಂತಿದ್ದೆ. ಯಾರೂ ಡಿಕ್ಕಿ ಹೊಡೆಯಲಿಲ್ಲ, ಯಾರೂ ಇರಲೇ ಇಲ್ಲ. ಹೊರಗೆ ಬಂದು ಹುಡುಗನಿಗೆ ಹನಿಯ ವಿಷಯ ಹೇಳಿದೆ. ‘ನಾನೂ ಅದ್ನೇ ಕಂಡದ್ದ್’ ಅಂದ. ಅಷ್ಟರಲ್ಲಿ ಯಾರೋ ಕರೆದರು, ಟ್ರೇ ಎತ್ತಿಕೊಂಡು ಹೋದ.

ಒಂಬತ್ತು ದಾಟಿತ್ತು. ಬಸ್ಸಿನಲ್ಲಿ ಸಿಎಸ್‌ಎಂಟಿಗೆ ಬಂದು ಕಲ್ಯಾಣ್ ಕಡೆಯ ಸ್ಲೋ ಲೋಕಲ್ ಹಿಡಿದು ಕೂತ ಮೇಲೆ ಕಂಡದ್ದು: ನನ್ನ ನೀಲಿ ಅಂಗಿಯ ಬಲಭುಜ, ತೋಳು, ಮೊಣಕೈ ತನಕ ಬಿಳಿ ಬಣ್ಣ. ಒಂದು ಪ್ರದರ್ಶನ ಮುಗಿದ ಮೇಲೆ ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿ ಗೋಡೆಗೆ ಹೊಸದಾಗಿ ಬಣ್ಣ ಹೊಡೆಯುತ್ತಾರೆ. ಕೆಲವು ಕಡೆ ಉದ್ಘಾಟನೆಯ ದಿನ ಬೆಳಿಗ್ಗೆಯವರೆಗೂ ಈ ಕೆಲಸ ನಡೆಯುತ್ತಿರುತ್ತದೆ, ಮುಂಬಯಿ ಮಳೆಗೆ ಅದು ಎಲ್ಲಿ ಒಣಗಬೇಕು! ಒಂದು ಚೀಟಿ ಅಂಟಿಸಿದ್ದರೆ ಏನಾಗುತ್ತಿತ್ತೋ. ಕರ್ಚೀಫಿನಿಂದ ಉಜ್ಜಿದೆ, ಇನ್ನಷ್ಟು ಹರಡಿತು.

ಎದುರು ಕೂತಿದ್ದವರು ಕುರ್ಲಾದಿಂದ ನೋಡುತ್ತಲೇ ಇದ್ದರು. ಠಾಣೆ ಬಂದಾಗ ‘ಪೇಂಟಿಂಗ್ ಲೈನ್ ಮೇ ಹೋ ಕ್ಯಾ?’ ಅಂತ ಕೇಳಿದರು. ವಿವರಿಸಲು ಸುಸ್ತಾಗಿತ್ತು, ಹೌದು ಎಂದೆ. ಬದ್ಲಾಪುರದಲ್ಲಿ ಅವರದೊಂದು ಒನ್ ಬಿಎಚ್‌ಕೆ ಇದೆಯಂತೆ, ಗಣಪತಿ ಹಬ್ಬದೊಳಗೆ ಬಣ್ಣ ಆಗಬೇಕಂತೆ. ಏನೂ ಸಂಕೋಚವಿಲ್ಲದೆ ರೇಟು ಕೇಳಿದರು.