ಕಲಬುರಗಿಯಲ್ಲಿದ್ದುಕೊಂಡೇ 500 ಪ್ರತಿ ಮಾರಿದೆ

ಕಥೆಗಾರನಾಗಬೇಕಾದರೆ ಬೆಂಗಳೂರಿಗೆ ಹೋಗು ಅಂದವರೇ ಜಾಸ್ತಿ. ನಾನು ಕಲಬುರಗಿ ಬಿಡಲಿಲ್ಲ. ನನ್ನ ಮೊದಲ ಸಂಕಲನದ 500 ಪ್ರತಿ ಖಾಲಿಯಾಗಿವೆ, ಎರಡನೇ ಮುದ್ರಣ ಪ್ರೆಸ್ಸಿನಲ್ಲಿದೆ.

ಮೊದಲು ಎಲ್ಲರ ಹಾಗೆ ದೀಪಾವಳಿ ವಿಶೇಷಾಂಕಗಳ ಸ್ಪರ್ಧೆಗೆ ಕಳಿಸಿದೆ. ಒಂದೆರಡು ಕಥೆ ಮೆಚ್ಚುಗೆ ಪಡೆದವು, ಅಷ್ಟೇ. ಆಮೇಲೆ ಒಬ್ಬ ಪ್ರಕಾಶಕರು 25 ಸಾವಿರ ಮುಂಗಡ ಕೇಳಿದರು. ತೊಗರಿ ಮಾರಿದ ದುಡ್ಡು ಕೊಟ್ಟೆ. ಪುಸ್ತಕ ಬರಲೇ ಇಲ್ಲ. ಅರ್ಧ ದುಡ್ಡು ವಾಪಸ್ ಬಂತು, ಉಳಿದದ್ದು ಹೋಯಿತು. ಅಪ್ಪ ಇವತ್ತಿಗೂ ಆ ಮಾತು ತೆಗೆಯುತ್ತಾರೆ.

ಕೊನೆಗೆ ನಾನೇ ಪ್ರಕಾಶಕನಾದೆ. ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಪುಕ್ಕಟೆ ಸಿಗುತ್ತದೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಡೆಮಿ ಸೈಜು, 112 ಪುಟ. ಹದಿನಾರು ಪುಟದ ಏಳು ಫಾರಂಗೆ ಸರಿಯಾಗಿ ಕೂರಲಿ ಅಂತ ಒಂದು ಕಥೆಯನ್ನೇ ಕೈಬಿಟ್ಟೆ. ಡಿಟಿಪಿ (ಪುಟ ಜೋಡಣೆ), ಮುಖಪುಟ, ಮುದ್ರಣ ಎಲ್ಲ ಸೇರಿ 38-40 ಸಾವಿರ ಆಗಿರಬೇಕು. ನುಡಿ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡ್‌ಗೆ ತಂದಾಗ ಅರ್ಕಾವತ್ತೆಲ್ಲ ಚೆಲ್ಲಾಪಿಲ್ಲಿ. ಕರಡು ತಿದ್ದೋಕೆ ಬರೆದಷ್ಟೇ ಹೊತ್ತು ಹೋಯಿತು.

ದೊಡ್ಡ ಜಗಳ ಭಾಷೆಯದು. ನಿರೂಪಣೆ ಶಿಷ್ಟ ಕನ್ನಡ, ಮಾತು ಮಾತ್ರ ನಮ್ಮದು. "ರಾಶಿ ಮಾಡ್ಲತ್ತೀವ್ರಿ, ಆಮ್ಯಾಲ ಬರ್ತೀವಿ" ಅಂತ ನನ್ನ ಪಾತ್ರ ಹೇಳಿದರೆ ಮೈಸೂರಿನವರಿಗೆ ಹೇಗೆ ತಿಳಿಯಬೇಕು ಅಂತ ಓದಿದ ಗೆಳೆಯರೆಲ್ಲ ಕೇಳಿದರು. ಒಂದಕ್ಷರ ಬದಲಿಸಲಿಲ್ಲ. ಪುಸ್ತಕ ಮಾರಿಸಿದ್ದೇ ಆ ಮಾತುಗಳು.

ಹೇಗಂದರೆ, ಸಂಭಾಷಣೆ ಇರುವ ಭಾಗಗಳನ್ನು ಎರಡೆರಡು ನಿಮಿಷ ಮೊಬೈಲಿನಲ್ಲಿ ಓದಿ, ಸೇಡಂ, ಚಿತ್ತಾಪುರ, ಆಳಂದ ಕಡೆಯ ವಾಟ್ಸಾಪ್ ಗುಂಪುಗಳಿಗೆ ಬಿಟ್ಟೆ. ಎಲ್ಲಿ ಓದು ನಿಲ್ಲಿಸಬೇಕು ಅನ್ನೋದು ಮುಖ್ಯ. ಅದನ್ನು ಮಾತ್ರ ಇಲ್ಲಿ ಹೇಳಲ್ಲ. ಅಚ್ಚಿಗೆ ಹೋಗುವ ಮೊದಲೇ 200ರ ಹತ್ತಿರ ಪ್ರತಿಗೆ ಮುಂಗಡ ಬಂತು. ಮೇಷ್ಟ್ರು, ನರ್ಸುಗಳು, ಪುಣೆಗೆ ದುಡಿಯಲು ಹೋದ ನಮ್ಮ ಕಡೆ ಹುಡುಗರು. ಮೈಸೂರಿನಿಂದಲೂ ಬಂತು!

ನಡುವೆ ಶರಣಬಸವೇಶ್ವರ ಜಾತ್ರೆಯಲ್ಲಿ ಮೇಜು ಹಾಕಿ ನೋಡಿದೆ. ಮೇಜಿನ ಬಾಡಿಗೆಯೂ ಹುಟ್ಟಲಿಲ್ಲ. ಆದರೆ ಅಲ್ಲಿ ನಿಂತು ಓದಿದಾಗ ಒಬ್ಬ ಅಜ್ಜಿ ತಿದ್ದಿದ ಎರಡು ಮಾತು ಹೊಸ ಮುದ್ರಣಕ್ಕೆ ಸೇರಿವೆ.

ಬೆಲೆ 150. ಅಂಗಡಿಯವರು 40 ಪರ್ಸೆಂಟ್ ಕಮಿಷನ್ ಕೇಳ್ತಾರೆ, ಅದಕ್ಕೇ ಅಲ್ಲಿಗೆ ಜಾಸ್ತಿ ಕೊಡಲಿಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಅರ್ಜಿ ಹಾಕಿದ್ದೇನೆ, ಆದರೆ ಆ ದುಡ್ಡನ್ನು ಲೆಕ್ಕಕ್ಕೆ ಹಿಡಿದಿಲ್ಲ. ಖರ್ಚು ಕಳೆದು ಕೈಯಲ್ಲಿ 20 ಸಾವಿರ ಚಿಲ್ಲರೆ ಉಳಿದಿದೆ. ಕೈಬಿಟ್ಟಿದ್ದ ಕಥೆಯನ್ನು ಈಗ ಕಾದಂಬರಿ ಮಾಡ್ತಿದ್ದೇನೆ.